ಕೊಟೇಶನ್ನಿನಲ್ಲಿ ಇಲ್ಲದ ಸಾಲುಗಳು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದವರು ನನಗೆ ಹಳೆಯ ಪರಿಚಯದ ಮೇಷ್ಟ್ರು. ಅರಸೀಕೆರೆ ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುವವರು. ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಬಂದಿದ್ದರು. ಕಾಫಿ ಬರುವ ಮೊದಲೇ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಕಂಪ್ಯೂಟರ್ ಅಂಗಡಿಯೊಂದರ ಕೊಟೇಶನ್ನು. ಒಟ್ಟು ಮೊತ್ತ 92,000 ರೂಪಾಯಿ.

‘ಮಗಳಿಗೆ ಫೋಟೊ, ವಿಡಿಯೊ ಎಡಿಟಿಂಗಿಗೆ ಕಂಪ್ಯೂಟರ್ ಬೇಕಂತೆ. ಚೀಟಿ ಎತ್ತಿದ್ದೇನೆ. ಇನ್ನು ಐದು ವರ್ಷ ಮನೆಯಲ್ಲಿ ಆ ಮಾತು ಮತ್ತೆ ಬರಬಾರದು. ಇದು ಸರಿಯಿದೆಯೇ ನೋಡಿ ಹೇಳಿ’ ಎಂದರು.

ಮಗಳು ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ಮದುವೆ ಸೀಸನ್ನಿನಲ್ಲಿ ಊರಿನ ಸ್ಟುಡಿಯೊ ಒಂದಕ್ಕೆ ಸಹಾಯಕಿಯಾಗಿ ಹೋಗುತ್ತಾಳೆ. ಉಳಿದ ದಿನಗಳಲ್ಲಿ ತನ್ನ ಮೊಬೈಲಿನಲ್ಲೇ ಜಾತ್ರೆ, ನಾಟಕ, ಸಂತೆ ಅಂತ ಚಿತ್ರಿಸಿ, ಮೊಬೈಲಿನಲ್ಲೇ ಕತ್ತರಿಸಿ ಜೋಡಿಸುತ್ತಾಳೆ. ಸ್ಟುಡಿಯೊದವರು ‘ನಿನ್ನದೇ ಕಂಪ್ಯೂಟರ್ ಇದ್ದರೆ ಎಡಿಟಿಂಗ್ ಕೆಲಸವನ್ನೂ ಮನೆಗೇ ಕೊಡುತ್ತೇವೆ’ ಎಂದಿದ್ದಾರೆ. ಅಂದರೆ ಇದು ಬರೀ ಹುಡುಗಾಟದ ಖರೀದಿಯಲ್ಲ. ಓದಿನ ಖರ್ಚಿನ ಒಂದು ಪಾಲು ಇದರಿಂದಲೇ ಹೊರಡಬೇಕು.

ಕೊಟೇಶನ್ ಓದಿದೆ. ಮೊತ್ತದ ಮೂರರಲ್ಲಿ ಒಂದು ಭಾಗದಷ್ಟು ಗ್ರಾಫಿಕ್ಸ್ ಕಾರ್ಡಿಗೇ ಹೋಗಿತ್ತು, ಅದೂ ಎರಡು ತಲೆಮಾರು ಹಿಂದಿನದು. ಪ್ರೊಸೆಸರು ಚೆನ್ನಾಗಿತ್ತು. ಆದರೆ ಅದರ ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಅಕ್ಷರವಿತ್ತು. ಮೆಮೊರಿ 8 ಜಿ.ಬಿ., ಒಂದೇ ತುಂಡು. ಗಾಜಿನ ಕಿಟಕಿಯ, ಬಣ್ಣಬಣ್ಣದ ದೀಪ ಮಿನುಗುವ ಪೆಟ್ಟಿಗೆ. ಪರದೆಯ ಎದುರು ‘22 ಇಂಚು’ ಎಂದಷ್ಟೇ ಬರೆದಿತ್ತು. ಯುಪಿಎಸ್ ಇಲ್ಲ. ಎರಡನೆಯ ಡಿಸ್ಕು ಇಲ್ಲ. ಅಂಗಡಿಯವರು ಮೋಸ ಮಾಡಿದ್ದಾರೆಂದು ನಾನು ಹೇಳಲಾರೆ. ‘ಎಡಿಟಿಂಗಿಗೆ ಒಳ್ಳೆಯ ಕಂಪ್ಯೂಟರ್’ ಎಂದು ಕೇಳಿದರೆ, ಹತ್ತರಲ್ಲಿ ಎಂಟು ಕಡೆ ಆಟ ಆಡುವ ಯಂತ್ರವನ್ನೇ ತೋರಿಸುತ್ತಾರೆ. ಎರಡೂ ಶಕ್ತಿ ಬೇಡುವ ಕೆಲಸ, ಆದ್ದರಿಂದ ಎರಡೂ ಒಂದೇ ಎಂಬ ಲೆಕ್ಕ.

ಎರಡೂ ಒಂದೇ ಅಲ್ಲ. ಕಂಪ್ಯೂಟರ್ ಆಟದಲ್ಲಿ ಗ್ರಾಫಿಕ್ಸ್ ಕಾರ್ಡು ಪ್ರತಿ ಕ್ಷಣವೂ ಚಿತ್ರವನ್ನು ಹೊಸದಾಗಿ ಬರೆಯುತ್ತಿರುತ್ತದೆ. ವಿಡಿಯೊದಲ್ಲಿ ಚಿತ್ರ ಆಗಲೇ ತಯಾರಾಗಿದೆ. ಅದನ್ನು ಗಂಟು ಕಟ್ಟಿ ಇಟ್ಟಿದ್ದಾರೆ. ಕಂಪ್ಯೂಟರಿನ ಮೊದಲ ಕೆಲಸ ಆ ಗಂಟು ಬಿಚ್ಚುವುದು.

ಎಷ್ಟು ಬಿಗಿಯಾದ ಗಂಟು ಎಂಬುದನ್ನು ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿದು ತಾವೇ ಲೆಕ್ಕ ಹಾಕಿ ನೋಡಬಹುದು. ಈಗಿನ ಮೊಬೈಲುಗಳು ಚಿತ್ರಿಸುವ ‘4ಕೆ’ ವಿಡಿಯೊದ ಒಂದೊಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕೆಗಳಿರುತ್ತವೆ. ಗುಣಿಸಿದರೆ ಸುಮಾರು 83 ಲಕ್ಷ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಬೇಕು. ಒಂದು ಚೌಕಟ್ಟಿಗೇ ಸುಮಾರು 25 ಎಂ.ಬಿ. ಆಯಿತು. ಸೆಕೆಂಡಿಗೆ 30 ಚೌಕಟ್ಟುಗಳಾದರೆ ಒಂದು ನಿಮಿಷಕ್ಕೆ ಹತ್ತಿರ ಹತ್ತಿರ 45 ಜಿ.ಬಿ. ಆದರೆ ಐಫೋನಿನಲ್ಲಿ ಇಂಥ ಒಂದು ನಿಮಿಷದ ವಿಡಿಯೊ ನುಂಗುವ ಜಾಗ ಸುಮಾರು 170 ಎಂ.ಬಿ. ಮಾತ್ರ. ಇನ್ನೂರೈವತ್ತು ಪಟ್ಟಿಗಿಂತಲೂ ಹೆಚ್ಚಿನ ಸಂಕೋಚನ!

ಇದು ಹೇಗೆ ಸಾಧ್ಯ? ಕಿರಾಣಿ ಅಂಗಡಿಯ ಉದ್ದರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ತಿಂಗಳ ಮೊದಲ ದಿನ ‘ಹಿಂದಿನ ಬಾಕಿ ಇಷ್ಟು’ ಎಂದು ಪೂರ್ತಿ ಮೊತ್ತ ಬರೆದಿರುತ್ತಾರೆ. ಆಮೇಲೆ ದಿನದಿನದ ವ್ಯತ್ಯಾಸ ಮಾತ್ರ: ಎರಡು ಕಿಲೊ ಅಕ್ಕಿ, ಅರ್ಧ ಕಿಲೊ ಬೆಲ್ಲ, ಇನ್ನೂರು ಜಮೆ. ಇಪ್ಪತ್ತನೆಯ ತಾರೀಖಿನ ಬಾಕಿ ಎಷ್ಟು ಎಂದು ಯಾರಾದರೂ ಕೇಳಿದರೆ, ಒಂದನೇ ತಾರೀಖಿನಿಂದ ಕೂಡಿಕೊಂಡೇ ಬರಬೇಕು. ವಿಡಿಯೊ ಕೂಡ ಹೀಗೆಯೇ. ಎಲ್ಲೋ ಒಂದೊಂದು ಚೌಕಟ್ಟು ಪೂರ್ತಿ ಇರುತ್ತದೆ. ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದಷ್ಟೇ ದಾಖಲಾಗಿರುತ್ತದೆ. 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್.265 ಎರಡೂ ಈ ಬಗೆಯ ಲೆಕ್ಕದ ಪುಸ್ತಕಗಳೇ. ಎರಡನೆಯದರ ಲೆಕ್ಕ ಇನ್ನಷ್ಟು ಜಟಿಲ.

ಸುಮ್ಮನೆ ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಮೊದಲಿನಿಂದ ಕೊನೆಯವರೆಗೆ ಕೂಡುತ್ತಾ ಹೋದರೆ ಮುಗಿಯಿತು. ಎಡಿಟ್ ಮಾಡುವವರ ಪಾಡು ಬೇರೆ. ಅವರು ನಡುವಿನಿಂದ ಹಿಂದಕ್ಕೆ ಹೋಗುತ್ತಾರೆ, ಹತ್ತು ಚೌಕಟ್ಟು ಮುಂದೆ ಹಾರುತ್ತಾರೆ, ತಾಳಿ ಕಟ್ಟಿದ ಕ್ಷಣ ಯಾವುದೆಂದು ಹಿಂದೆ ಮುಂದೆ ಎಳೆದು ಹುಡುಕುತ್ತಾರೆ. ಪ್ರತಿ ಸಲವೂ ಕಂಪ್ಯೂಟರು ಹಿಂದಿನ ಬಾಕಿಯಿಂದ ಮತ್ತೆ ಕೂಡಬೇಕು. ದುಬಾರಿ ಯಂತ್ರವೂ ಇಲ್ಲಿ ತಡವರಿಸುತ್ತದೆ.

ತಡವರಿಸದಿರಲಿ ಎಂದೇ ಚಿಪ್ ತಯಾರಕರು ಈ ಕೂಡುವ ಕೆಲಸಕ್ಕೆ ಪ್ರತ್ಯೇಕ ಗುಮಾಸ್ತನೊಬ್ಬನನ್ನು ಚಿಪ್ಪಿನೊಳಗೇ ಕೂರಿಸಿದ್ದಾರೆ. ಇಂಟೆಲ್ ಕಂಪನಿ 2011ರಲ್ಲಿ ಇಂಥದ್ದೊಂದನ್ನು ‘ಕ್ವಿಕ್ ಸಿಂಕ್’ ಎಂಬ ಹೆಸರಿನಲ್ಲಿ ತಂದಿತು. ಅದು ಇರುವುದು ಪ್ರೊಸೆಸರಿನ ಒಳಗೇ ಅಡಕವಾದ ಪುಟ್ಟ ಗ್ರಾಫಿಕ್ಸ್ ಭಾಗದಲ್ಲಿ. ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಇದ್ದರೆ ಆ ಭಾಗ ಲಭ್ಯವಿಲ್ಲ ಎಂದರ್ಥ. ಗುಮಾಸ್ತನೂ ಇಲ್ಲ. ಬೆಲೆ ಸ್ವಲ್ಪ ಕಡಿಮೆ. ಬೇರೆ ಗ್ರಾಫಿಕ್ಸ್ ಕಾರ್ಡು ಹಾಕುವವರು ಆ ಉಳಿತಾಯಕ್ಕೆ ಒಪ್ಪಿಬಿಡುತ್ತಾರೆ.

ಕಾರ್ಡಿನಲ್ಲೂ ಒಬ್ಬ ಗುಮಾಸ್ತ ಇರುತ್ತಾನಲ್ಲ ಎಂದು ತಿಳಿದವರು ಕೇಳಬಹುದು. ಇರುತ್ತಾನೆ. ಆದರೆ ಎಲ್ಲ ಗುಮಾಸ್ತರಿಗೂ ಎಲ್ಲ ಲಿಪಿ ಬರುವುದಿಲ್ಲ. ನಾನು ಮೇಷ್ಟರ ಮಗಳಿಗೆ ಫೋನು ಮಾಡಿ ಕೇಳಿದ ಮೊದಲ ಪ್ರಶ್ನೆ, ‘ಸ್ಟುಡಿಯೊದ ಕ್ಯಾಮರಾ ಯಾವ ಬಗೆಯಲ್ಲಿ ದಾಖಲಿಸುತ್ತದೆ?’ ಹುಡುಗಿ ಚುರುಕು. ‘ಎಚ್.265, ಹತ್ತು ಬಿಟ್, 4:2:2’ ಎಂದಳು. ಮಾಮೂಲಿ ಮೊಬೈಲ್ ವಿಡಿಯೊದಲ್ಲಿ ಬಣ್ಣದ ವಿವರಗಳನ್ನು ಬಹಳ ಮಿತವ್ಯಯದಿಂದ ಬರೆದಿಡುತ್ತಾರೆ. ಇದರಲ್ಲಿ ಅದರ ದುಪ್ಪಟ್ಟು ಬಣ್ಣದ ವಿವರ ಇರುತ್ತದೆ. ಮದುವೆ ಮನೆಯ ಮಬ್ಬು ಬೆಳಕನ್ನು ಆಮೇಲೆ ತಿದ್ದಲು ಅನುಕೂಲವೆಂದು ಸ್ಟುಡಿಯೊಗಳು ಇದನ್ನು ಇಷ್ಟಪಡುತ್ತವೆ. ಈ ಬಗೆಯ ಎಚ್.265 ಅನ್ನು ಬಿಡಿಸಬಲ್ಲ ಗುಮಾಸ್ತ ಮೇಜಿನ ಕಂಪ್ಯೂಟರುಗಳ ಇಂಟೆಲ್ ಪ್ರೊಸೆಸರುಗಳಿಗೆ 11ನೆಯ ತಲೆಮಾರಿನಿಂದ ಬಂದಿದ್ದಾನೆ. ಎನ್‌ವಿಡಿಯಾ ಕಾರ್ಡುಗಳಲ್ಲಿ ಅವನು ಕಾಣಿಸಿಕೊಂಡದ್ದು 2025ರ 50 ಸರಣಿಯಲ್ಲಿ. ಅದರ ಹಿಂದಿನ ಸರಣಿಗಳಲ್ಲಿ ಇಲ್ಲ.

ಈಗ ಕೊಟೇಶನ್ನಿಗೆ ಹಿಂತಿರುಗಿ. ಮೂವತ್ತು ಸಾವಿರದ ಕಾರ್ಡಿಗೆ ಸ್ಟುಡಿಯೊದ ಲಿಪಿ ಓದಲು ಬಾರದು. ಓದಬಲ್ಲವನನ್ನು ‘ಎಫ್’ ಅಕ್ಷರ ಮನೆಗೆ ಕಳಿಸಿದೆ. ಹುಡುಗಿ ಹೊಸ ಕಂಪ್ಯೂಟರಿನ ಮುಂದೆ ಕುಳಿತು, ಚಿತ್ರ ನಿಂತು ನಿಂತು ಓಡುವುದನ್ನು ನೋಡಿ, ‘ಅಪ್ಪಾ, ಇದಕ್ಕಿಂತ ದೊಡ್ಡದು ಬೇಕಿತ್ತೇನೋ’ ಎಂದು ಹೇಳುವ ದೃಶ್ಯ ನನ್ನ ಕಣ್ಣ ಮುಂದೆ ಬಂತು.

ಗ್ರಾಫಿಕ್ಸ್ ಕಾರ್ಡು ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶ ಬಳಸುವವರಿಗೆ, ಬಣ್ಣ ತಿದ್ದುವ ಕೆಲಸ, ಕತ್ತಲೆಯ ದೃಶ್ಯಗಳ ಕಾಳು ಕಾಳು ತೆಗೆಯುವ ಕೆಲಸ ಹೆಚ್ಚಿರುವವರಿಗೆ ಅದು ಬೇಕೇ ಬೇಕು. ಈ ತಂತ್ರಾಂಶದ ಉಚಿತ ಆವೃತ್ತಿ ವಿದ್ಯಾರ್ಥಿಗಳಿಗೆ ವರದಾನವಿದ್ದಂತೆ. ಆದರೆ ಅದು ಎಲ್ಲ ಬಗೆಯ ಫೈಲಿಗೂ ಗುಮಾಸ್ತನ ನೆರವು ಪಡೆಯುವುದಿಲ್ಲ ಎಂಬುದು ನೆನಪಿರಲಿ. ಇವಳ ಸ್ಟುಡಿಯೊದವರು ಬಳಸುವುದು ಅಡೋಬ್ ಪ್ರೀಮಿಯರ್. ಅದು ಇಂಟೆಲ್ ಗುಮಾಸ್ತನನ್ನು ಚೆನ್ನಾಗಿ ದುಡಿಸಿಕೊಳ್ಳುತ್ತದೆ. ಹಾಗಾಗಿ ನಾವು ಮಾಡಿದ್ದು ಇಷ್ಟೇ: ‘ಎಫ್’ ಇಲ್ಲದ ಪ್ರೊಸೆಸರು ಬರೆದೆವು, ಕಾರ್ಡನ್ನು ಹೊಡೆದುಹಾಕಿದೆವು. ಜಾಗ ಖಾಲಿ ಇರಲಿ. ಒಂದೆರಡು ವರ್ಷ ದುಡಿದ ಮೇಲೆ ಅವಳ ಸಂಪಾದನೆಯಲ್ಲೇ ಕೊಳ್ಳಲಿ.

ಉಳಿದ ಹಣದಲ್ಲಿ ದೊಡ್ಡ ಪಾಲು ಮೆಮೊರಿಗೆ ಹೋಯಿತು. ಫೋಟೊ ಕೆಲಸದಲ್ಲಿ ಇದರ ಹಸಿವು ಎಷ್ಟೆಂದು ನೋಡಿ. 24 ಮೆಗಾಪಿಕ್ಸೆಲಿನ ಒಂದು ಚಿತ್ರವನ್ನು 16 ಬಿಟ್ಟಿನಲ್ಲಿ ತೆರೆದರೆ ಒಂದು ಪದರಕ್ಕೇ 144 ಎಂ.ಬಿ. ಮದುವೆ ಆಲ್ಬಮ್ಮಿನ ಒಂದು ಹಾಳೆಯಲ್ಲಿ ಇಂಥ ಹತ್ತು ಪದರ ಸಾಮಾನ್ಯ. ಜೊತೆಗೆ ಮಾಡಿದ ತಪ್ಪನ್ನು ಹಿಂದಕ್ಕೆ ಪಡೆಯಲು ಹಳೆಯ ಸ್ಥಿತಿಗಳನ್ನೂ ನೆನಪಿಟ್ಟುಕೊಳ್ಳಬೇಕು. 8 ಜಿ.ಬಿ. ಇದ್ದರೆ ಅದರ ಗಣನೀಯ ಭಾಗವನ್ನು ವಿಂಡೋಸ್ ಮತ್ತು ಬ್ರೌಸರ್ ಸೇರಿಯೇ ತಿಂದಿರುತ್ತವೆ. ಫೋಟೊ ಮಾತ್ರ ಆದರೆ 16, ವಿಡಿಯೊ ಇದ್ದರೆ 32 ಎಂದು ನನ್ನ ಅಂದಾಜು. ಒಂದೇ ತುಂಡಿಗಿಂತ ಸಮನಾದ ಎರಡು ತುಂಡು ಮೇಲು. ಪ್ರೊಸೆಸರಿಗೆ ಮಾಹಿತಿ ಎರಡು ದಾರಿಯಲ್ಲಿ ಬರುತ್ತದೆ. ಬೇರೆ ಕಾರ್ಡು ಇಲ್ಲದಾಗ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕ ಕೇಂದ್ರಗಳು ಚಿಪ್ಪುಗಳನ್ನು ಸೆಳೆದುಕೊಂಡವು. ಆದ್ದರಿಂದ ಇಲ್ಲಿ ರೂಪಾಯಿ ಲೆಕ್ಕ ಬರೆದು ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ. ಮೂರು ಕಡೆ ವಿಚಾರಿಸಿ. ಹಣ ಸಾಲದಿದ್ದರೆ ನಾಲ್ಕು ಸಂದುಗಳಿರುವ ಬೋರ್ಡು ಕೊಂಡು, ಸದ್ಯಕ್ಕೆ ಎರಡನ್ನು ತುಂಬಿ.

ಡಿಸ್ಕಿನ ವಿಷಯದಲ್ಲಿ ಜಾಹೀರಾತು ನೋಡಿ ಮರುಳಾಗುವುದು ಬೇಡ. ಸೆಕೆಂಡಿಗೆ 7,000 ಎಂ.ಬಿ. ಓದುವ ಎಸ್‌ಎಸ್‌ಡಿಗಳಿವೆ. ಆದರೆ ನಮ್ಮ ಒಂದು ನಿಮಿಷದ ಮೊಬೈಲ್ ವಿಡಿಯೊ 170 ಎಂ.ಬಿ. ತಾನೆ? ಸೆಕೆಂಡಿಗೆ ಮೂರು ಎಂ.ಬಿ. ಕೂಡ ಆಗಲಿಲ್ಲ. ಯಂತ್ರ ತಡವರಿಸುವುದು ಡಿಸ್ಕು ನಿಧಾನ ಎಂದಲ್ಲ, ಗಂಟು ಬಿಚ್ಚಲಾರದೆ. ಹಾಗೆಂದು ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ ಹಾಕಿಕೊಂಡರೆ ಆಕಳಿಕೆ ಬರುತ್ತದೆ. ಸಾಧಾರಣ ವೇಗದ, ಒಳ್ಳೆಯ ಹೆಸರಿನ 1 ಟಿ.ಬಿ. ಎಸ್‌ಎಸ್‌ಡಿ ಸಾಕು. ಮುಗಿದ ಕೆಲಸಗಳನ್ನು ಇಡಲು ಒಂದು ದೊಡ್ಡ ಹಾರ್ಡ್ ಡಿಸ್ಕು ಇರಲಿ.

ಪರದೆಯ ಬಗ್ಗೆ ಮಾತ್ರ ನಾನು ಮೇಷ್ಟರ ಜೊತೆ ಅರ್ಧ ಗಂಟೆ ವಾದ ಮಾಡಬೇಕಾಯಿತು. ‘ಟಿವಿ ನೋಡಿದ ಹಾಗೆ ಕಾಣಿಸಿದರೆ ಸಾಲದೇ?’ ಎಂಬುದು ಅವರ ಪ್ರಶ್ನೆ. ಸಾಲದು. ನಮ್ಮ ಕಡೆ ಮದುವೆಯಲ್ಲಿ ಏನಿರುತ್ತದೆ? ಅರಿಶಿನ ಹಚ್ಚಿದ ಮುಖ, ಕುಂಕುಮ, ಕೆಂಪು ಅಂಚಿನ ರೇಷ್ಮೆ ಸೀರೆ, ಜರಿ, ಮಾವಿನ ತೋರಣ. ಬಣ್ಣಗಳೇ ಮದುವೆ! ಅಗ್ಗದ ಪರದೆ ಕಡುಗೆಂಪನ್ನು ಮಂಕಾಗಿ ತೋರಿಸುತ್ತದೆ. ಎಡಿಟ್ ಮಾಡುವವಳು ಅದನ್ನು ನಂಬಿ ಕೆಂಪು ಏರಿಸುತ್ತಾಳೆ. ಆಲ್ಬಂ ಮುದ್ರಣವಾಗಿ ಬಂದಾಗ ಮದುಮಗಳ ಮುಖಕ್ಕೆ ಬಿಸಿಲು ಬಡಿದಂತಿರುತ್ತದೆ, ಸೀರೆಯ ನೇಯ್ಗೆಯೆಲ್ಲ ಒಂದೇ ಕೆಂಪು ಮುದ್ದೆಯಾಗಿರುತ್ತದೆ. ಹಾಳೆಗಳನ್ನು ಮತ್ತೆ ಮುದ್ರಿಸುವ ಖರ್ಚು ಯಾರ ತಲೆಗೆ? ಒಳ್ಳೆಯ ಪ್ರೊಸೆಸರು ಕೆಲಸವನ್ನು ಬೇಗ ಮುಗಿಸುತ್ತದೆ. ಕೆಟ್ಟ ಪರದೆ ಕೆಲಸವನ್ನೇ ಕೆಡಿಸುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ವಿವರಪಟ್ಟಿಯಲ್ಲಿ ‘ಐಪಿಎಸ್’ ಎಂದಿದೆಯೇ, ‘ಶೇಕಡಾ 100 ಎಸ್‌ಆರ್‌ಜಿಬಿ’ ಅಥವಾ ಅದಕ್ಕೆ ಹತ್ತಿರದ ಅಂಕಿ ಇದೆಯೇ ನೋಡಿ. ಎಸ್‌ಆರ್‌ಜಿಬಿ ಎಂಬುದು 1996ರಲ್ಲಿ ಪ್ರಸ್ತಾಪವಾದ ಬಣ್ಣಗಳ ಅಳತೆಗೋಲು. ಅಂತರಜಾಲದ ಚಿತ್ರಗಳಿಗೆ ಇಂದಿಗೂ ಅದೇ ಆಧಾರ. ಲ್ಯಾಪ್‌ಟಾಪುಗಳಲ್ಲಿ ‘ಶೇಕಡಾ 45 ಎನ್‌ಟಿಎಸ್‌ಸಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಎಚ್ಚರ. ಆ ಅಳತೆಗೋಲಿನಲ್ಲಿ 72 ಇದ್ದರೆ ಮಾತ್ರ ಎಸ್‌ಆರ್‌ಜಿಬಿಯ ಪೂರ್ಣ ಹರವಿಗೆ ಸರಿಸುಮಾರು ಸಮ. ಕತ್ತಲ ಕೋಣೆಯಲ್ಲಿ ಬಣ್ಣದ ದೀಪ ಹಾಕಿಕೊಂಡು ಎಡಿಟ್ ಮಾಡಿದರೆ ಎಂಥ ಪರದೆಯೂ ಸುಳ್ಳು ಹೇಳುತ್ತದೆ, ಆ ಮಾತು ಬೇರೆ.

ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಗೆ ‘80 ಪ್ಲಸ್ ಬ್ರಾಂಜ್’ ಗುರುತು ಇರಲಿ. ಹೆಸರಿಲ್ಲದ ಎಸ್‌ಎಂಪಿಎಸ್ ಸಾಯುವಾಗ ಪಕ್ಕದವರನ್ನೂ ಕರೆದುಕೊಂಡು ಹೋಗಬಲ್ಲದು. ಯುಪಿಎಸ್ ಕಡ್ಡಾಯ. ಒಂದು ಗಂಟೆಯ ರೆಂಡರಿಂಗ್ 58ನೆಯ ನಿಮಿಷದಲ್ಲಿರುವಾಗ ಕರೆಂಟು ಹೋಗುವುದು ಹೇಗಿರುತ್ತದೆಂದು ನಮ್ಮ ಊರುಗಳವರಿಗೆ ವಿವರಿಸಬೇಕಿಲ್ಲ. ಮಾರುಕಟ್ಟೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ತೂಗಬಲ್ಲದು, ಅದೂ ಕೆಲವೇ ನಿಮಿಷ. ಮುಂದೆ ಕಾರ್ಡು ಹಾಕುವ ಆಸೆ ಇದ್ದರೆ 1,000 ವಿಎ ಒಳ್ಳೆಯದು. ಪೆಟ್ಟಿಗೆಗೆ ದೀಪ ಬೇಡ, ಗಾಳಿ ಬೇಕು.

ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಮೇಜಿನ ಕಂಪ್ಯೂಟರು ಆಗದ ಮಾತು. ಲ್ಯಾಪ್‌ಟಾಪ್ ಕೊಳ್ಳುವವರು ಎರಡು ಪ್ರಶ್ನೆ ಕೇಳಲೇಬೇಕು. ಮೆಮೊರಿಯನ್ನು ಆಮೇಲೆ ಹೆಚ್ಚಿಸಬಹುದೇ, ಅಥವಾ ಬೆಸುಗೆ ಹಾಕಿಬಿಟ್ಟಿದ್ದಾರೆಯೇ? ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ವಾಟ್ ಕೊಟ್ಟಿದ್ದಾರೆ? ಒಂದೇ ಹೆಸರಿನ ಕಾರ್ಡು ತೆಳುವಾದ ಲ್ಯಾಪ್‌ಟಾಪಿನಲ್ಲಿ ಅರೆಹೊಟ್ಟೆಯಲ್ಲಿ ದುಡಿಯುತ್ತಿರಬಹುದು. ಆ್ಯಪಲ್ ಕಂಪನಿಯ ಪುಟ್ಟ ಮ್ಯಾಕ್ ಮಿನಿ 2024ರ ನವೆಂಬರಿನಲ್ಲಿ 16 ಜಿ.ಬಿ. ಮೆಮೊರಿಯೊಂದಿಗೆ 59,900 ರೂಪಾಯಿಗೆ ಬಂದಾಗ ಅನೇಕ ಎಡಿಟರುಗಳು ಅತ್ತ ತಿರುಗಿ ನೋಡಿದರು. ಅದರೊಳಗಿನ ಗುಮಾಸ್ತ ನಿಜಕ್ಕೂ ನಿಪುಣ. ಆದರೆ ಜಾಗ 256 ಜಿ.ಬಿ. ಮಾತ್ರ, ಮೆಮೊರಿಯನ್ನು ಎಂದಿಗೂ ಹೆಚ್ಚಿಸಲಾಗದು, ಪರದೆ ಬೇರೆ ಕೊಳ್ಳಬೇಕು. ಕೂಡಿ ಕಳೆದು ನೋಡಿ.

ಮನೆಯಲ್ಲಿ ಆಗಲೇ ಒಂದು ಹಳೆಯ ಕಂಪ್ಯೂಟರ್ ಇರುವವರಿಗೆ ಇನ್ನೊಂದು ಮಾತು. ಹೊಸದು ಕೊಳ್ಳುವ ಮೊದಲು ‘ಪ್ರಾಕ್ಸಿ’ ವಿಧಾನ ಪ್ರಯತ್ನಿಸಿ. ತಂತ್ರಾಂಶವೇ ನಿಮ್ಮ ದೊಡ್ಡ ವಿಡಿಯೊಗಳಿಂದ ಹಗುರವಾದ ಸಣ್ಣ ನಕಲುಗಳನ್ನು ಮಾಡಿಕೊಳ್ಳುತ್ತದೆ. ನೀವು ಕತ್ತರಿಸುವುದು, ಜೋಡಿಸುವುದು ಎಲ್ಲ ಆ ನಕಲಿನ ಮೇಲೆ. ಕೊನೆಗೆ ಹೊರತೆಗೆಯುವಾಗ ಮೂಲ ವಿಡಿಯೊ ಬಂದು ಕೂರುತ್ತದೆ. ಇದು ಹೊಸ ಯುಕ್ತಿಯೇನೂ ಅಲ್ಲ. ರೀಲಿನ ಕಾಲದಲ್ಲಿ ಸಿನಿಮಾ ಸಂಕಲನಕಾರರು ನೆಗೆಟಿವ್ ಮುಟ್ಟುತ್ತಿರಲಿಲ್ಲ. ರಷ್ ಪ್ರಿಂಟಿನ ಮೇಲೆ ಕತ್ತರಿ ಆಡಿಸಿ, ಎಲ್ಲ ತೀರ್ಮಾನವಾದ ಮೇಲೆ ಅದಕ್ಕೆ ಸರಿಯಾಗಿ ನೆಗೆಟಿವನ್ನು ಕತ್ತರಿಸುತ್ತಿದ್ದರು. ಪ್ರಾಕ್ಸಿ ಮಾಡಲು ರಾತ್ರಿಯೆಲ್ಲ ಯಂತ್ರ ಓಡಬೇಕಾದೀತು, ಓಡಲಿ. ಕೆಡಿನ್‌ಲೈವ್, ರಿಸಾಲ್ವ್, ಪ್ರೀಮಿಯರ್ ಮೂರರಲ್ಲೂ ಈ ಸೌಲಭ್ಯವಿದೆ. ಆ ಹಳೆಯ ಯಂತ್ರದಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ತಿಳಿದಿರಲಿ.

ಇನ್ನು ಕೊಟೇಶನ್ನಿನಲ್ಲಿ ಇಲ್ಲವೇ ಇಲ್ಲದ ಸಾಲು, ಎರಡನೆಯ ಡಿಸ್ಕು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂಕಟವಾಗುತ್ತದೆ. ನಮ್ಮ ತಂದೆಯವರ ಷಷ್ಟ್ಯಬ್ದಿಯ ಚಿತ್ರಗಳೆಲ್ಲ ಒಂದೇ ಹೊರ ಡಿಸ್ಕಿನಲ್ಲಿದ್ದವು. ಜಾಗ ಸಾಲದೆಂದು ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ನಾನೇ ಅಳಿಸಿದ್ದೆ. ಒಂದು ದಿನ ವೈರಿಗೆ ನನ್ನದೇ ಕಾಲು ತಗುಲಿ ಡಿಸ್ಕು ಮೇಜಿನಿಂದ ಬಿತ್ತು. ಟಿಕ್ ಟಿಕ್ ಎಂದು ನಾಲ್ಕು ಸಲ ಸದ್ದು ಮಾಡಿ ಸುಮ್ಮನಾಯಿತು. ಈಗ ಉಳಿದಿರುವುದು ಚಿಕ್ಕಪ್ಪನ ಮೊಬೈಲಿನಲ್ಲಿದ್ದ ಹನ್ನೊಂದು ಚಿತ್ರ. ತಂದೆಯವರು ಏನೂ ಅನ್ನಲಿಲ್ಲ.

ದೊಡ್ಡವರಿಗೂ ಹೀಗಾಗಿದೆ. ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ, 1998ರಲ್ಲಿ, ಪಿಕ್ಸಾರ್ ಸಂಸ್ಥೆಯಲ್ಲಿ ಯಾರೋ ಕೊಟ್ಟ ತಪ್ಪು ಆಜ್ಞೆಯಿಂದ ಚಿತ್ರದ ಕಡತಗಳು ಅಳಿಸಿಹೋಗತೊಡಗಿದವು. ಕಾಯ್ದಿಟ್ಟ ಪ್ರತಿ ತೆಗೆಯಹೋದರೆ ಅದೂ ಸರಿಯಾಗಿ ದಾಖಲಾಗಿರಲಿಲ್ಲ. ಪುಟ್ಟ ಮಗುವಿದ್ದುದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಂತ್ರ ನಿರ್ದೇಶಕಿಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿ ಸುತ್ತಿ ಕಾರಿನಲ್ಲಿ ಹುಷಾರಾಗಿ ತಂದರು. ಬಾಣಂತಿಯ ಮನೆಯಲ್ಲಿದ್ದ ಪ್ರತಿ ಸಿನಿಮಾ ಉಳಿಸಿತು! ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಮೇಷ್ಟರ ಮಗಳಿಗೆ ಹೊರಗಿನ ಪ್ರತಿ ಇಡಲು ಸ್ಟುಡಿಯೊ ಇದೆ. ಬೇರೆಯವರ ಮದುವೆಯನ್ನು ಮನೆಗೆ ತಂದುಕೊಳ್ಳುವವಳಿಗೆ ಈ ಡಿಸ್ಕು ಪ್ರೊಸೆಸರಿಗಿಂತ ಮೊದಲು ಬೇಕು.

ಹೊಸ ಪಟ್ಟಿಯ ಮೊತ್ತ ಹಳೆಯದಕ್ಕಿಂತ ಕಡಿಮೆಯೇನೂ ಆಗಲಿಲ್ಲ. ಕಾರ್ಡಿನ ಹಣ ಮೆಮೊರಿ, ಪರದೆ, ಯುಪಿಎಸ್, ಎರಡನೆಯ ಡಿಸ್ಕು ಎಂದು ಹಂಚಿಹೋಯಿತು. ಮೇಷ್ಟ್ರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಪರೀಕ್ಷೆಯ ಪೇಪರು ತಿದ್ದುವವರಂತೆ ಬೆರಳಿಟ್ಟು ನೋಡಿದರು. ‘ಅಂಗಡಿಯಲ್ಲಿ ನನಗೆ ಇದನ್ನೆಲ್ಲ ವಾದಿಸಲು ಬರುವುದಿಲ್ಲ’ ಎಂದರು. ‘ವಾದ ಬೇಡ, ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ. ಮಗಳೂ ಜೊತೆಗಿರಲಿ’ ಎಂದೆ.

ಮುಂದಿನ ಶನಿವಾರ ಅಪ್ಪ ಮಗಳು ಎಸ್.ಪಿ. ರೋಡಿಗೆ ಬಂದರು. ನಾನೂ ಹೋಗಿದ್ದೆ. ಪೆನ್‌ಡ್ರೈವಿನಲ್ಲಿ ಎರಡು ತುಣುಕು, ಒಂದು ಅವಳ ಮೊಬೈಲಿನದು, ಒಂದು ಸ್ಟುಡಿಯೊ ಕ್ಯಾಮರಾದ್ದು. ಎಲ್ಲ ಅಂಗಡಿಯವರೂ ಇದಕ್ಕೆ ಒಪ್ಪುವುದಿಲ್ಲ. ಮೂರನೆಯ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರಗಳಲ್ಲಿ ಪ್ರೀಮಿಯರಿನ ಪ್ರಯೋಗಾವಧಿಯ ಪ್ರತಿ ಇತ್ತು. ಮೊದಲು ದೀಪದ ಪೆಟ್ಟಿಗೆಯ ಯಂತ್ರ. ಮೊಬೈಲಿನ ತುಣುಕು ಸಲೀಸಾಗಿ ಓಡಿತು. ಸ್ಟುಡಿಯೊದ ತುಣುಕನ್ನು ಹಿಂದಕ್ಕೆ ಎಳೆದಾಗ ಧಾರೆಯ ನೀರು ಗಾಳಿಯಲ್ಲೇ ನಿಂತುಬಿಟ್ಟಿತು. ಪಕ್ಕದ ಸಾದಾ ಕಪ್ಪು ಪೆಟ್ಟಿಗೆಯಲ್ಲಿ, ಕಾರ್ಡೇ ಇಲ್ಲದ ಯಂತ್ರದಲ್ಲಿ, ಅದೇ ನೀರು ಅವಳ ಬೆರಳಿನ ಜೊತೆ ಹಿಂದಕ್ಕೂ ಮುಂದಕ್ಕೂ ಹರಿಯಿತು. ಅಂಗಡಿಯ ಹುಡುಗನೂ ಬಗ್ಗಿ ನೋಡಿದ. ಮೇಷ್ಟ್ರು ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರನ್ನೂ ಬರೆಸಿಕೊಂಡರು. ಅದನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಮೊನ್ನೆ ಅವರ ಫೋನು ಬಂದಿತ್ತು. ಯಂತ್ರ ಚೆನ್ನಾಗಿ ನಡೆಯುತ್ತಿದೆಯಂತೆ, ಒಂದು ನಾಮಕರಣದ ಕೆಲಸವೂ ಮುಗಿಯಿತಂತೆ. ಆದರೆ ಮಗಳು ರಾತ್ರಿ ಹನ್ನೆರಡಾದರೂ ಅದರ ಮುಂದಿನಿಂದ ಏಳುವುದಿಲ್ಲ, ಅದಕ್ಕೇನಾದರೂ ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಿದರು.